ಕಂಪನಿಯ ಕಾರ್ಡಿನಿಂದ ಉಮ್ಮನ ಹೆಸರು ಹೋದರೆ?

"ಈ ವರ್ಷದಿಂದ ಪಾಲಿಸಿಯಲ್ಲಿ ಉಮ್ಮ, ಉಪ್ಪನ ಹೆಸರಿಲ್ವಂತೆ, ಎಂತ ಮಾಡುದು?" ಖಾಸಗಿ ಕಂಪನಿಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗಳಲ್ಲಿ ಈಗ ಈ ಚಿಂತೆ ಉಂಟು. ವಿಮೆ ನವೀಕರಣದ ಹೊತ್ತಿಗೆ ಒಂದು ಇಮೇಲ್ ಬರುತ್ತದೆ. ತಂದೆ-ತಾಯಿಯನ್ನು ಸೇರಿಸಬೇಕಾದರೆ ಪ್ರೀಮಿಯಂ ನೀವೇ ಕಟ್ಟಿ, ಬಿಲ್ಲಿನಲ್ಲಿ ಶೇ. 20 ನಿಮ್ಮ ಪಾಲು, ಕೋಣೆ ಬಾಡಿಗೆಗೆ ಮಿತಿ. ಸಂಬಳ ಅಷ್ಟೇ, ಸವಲತ್ತು ಮಾತ್ರ ಕಡಿಮೆ. ಸಿಟ್ಟು ಬಾರದಿರುತ್ತದೆಯೇ?

ಗುಂಪು ವಿಮೆ ಸಾಮಾನ್ಯವಾಗಿ ಕಂಪನಿ ಮತ್ತು ವಿಮಾ ಸಂಸ್ಥೆಯ ನಡುವಿನ ಒಂದು ವರ್ಷದ ಒಪ್ಪಂದ. ಕ್ಲೇಮ್ ಹೆಚ್ಚಾದರೆ ಮರುವರ್ಷ ಪ್ರೀಮಿಯಂ ಏರುತ್ತದೆ. ಹಿರಿಯರ ಆಸ್ಪತ್ರೆ ಖರ್ಚು ಹೆಚ್ಚಾದ್ದರಿಂದ ಅವರ ಹೆಸರಿಗೇ ಮೊದಲು ಕತ್ತರಿ ಬೀಳುವುದುಂಟು.

ಕೋಣೆ ಬಾಡಿಗೆಯ ಮಿತಿಯನ್ನೂ ಸಣ್ಣದೆಂದು ಬಿಡುವಂತಿಲ್ಲ. 3 ಲಕ್ಷದ ಪಾಲಿಸಿಯಲ್ಲಿ ಮಿತಿ ಶೇ. 1 ಎಂದಿದ್ದರೆ ದಿನಕ್ಕೆ 3,000 ರೂ. ನೀವು 6,000ದ ಕೋಣೆ ಹಿಡಿದರೆ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ಅನೇಕ ಪಾಲಿಸಿಗಳಲ್ಲಿ ವೈದ್ಯರ, ಆಪರೇಷನ್‌ನ ಶುಲ್ಕವೂ ಅರ್ಧಕ್ಕೆ ಇಳಿಯುತ್ತದೆ. ಇದು ಗೊತ್ತಾಗುವುದು ಡಿಸ್ಚಾರ್ಜ್ ದಿನ.

ಬಡ್ತಿ ಸಿಕ್ಕವರಿಗೆ ಇನ್ನೊಂದು ತೊಂದರೆ. ಇಎಸ್‌ಐ ಸಂಬಳ ಮಿತಿ 2017ರಿಂದ 21,000 ರೂ. ಅದರಲ್ಲಿ ಅವಲಂಬಿತ ತಂದೆ-ತಾಯಿಗೂ ಚಿಕಿತ್ಸೆ ಉಂಟು. ಸಂಬಳ ಮಿತಿ ದಾಟಿದರೆ ಆ ವಂತಿಗೆ ಅವಧಿ ಮುಗಿದ ಮೇಲೆ ಇಎಸ್‌ಐ ಇಲ್ಲ. ಬದಲಿಗೆ ಸಿಗುವ ಕಂಪನಿ ಪಾಲಿಸಿಯಲ್ಲಿ ಹಿರಿಯರ ಹೆಸರು ಇರಲೇಬೇಕೆಂದಿಲ್ಲ.

ವಿಮೆಯ ಹಲಾಲ್-ಹರಾಮ್ ಚರ್ಚೆ ನಮ್ಮಲ್ಲಿ ಮುಗಿದಿಲ್ಲ. ಸ್ವಂತ ಪಾಲಿಸಿಗೆ ಹಿಂಜರಿಯುವ ಮನೆಗೆ ಕಂಪನಿಯ ಕಾರ್ಡೇ ಆಸರೆ. ಅದೂ ಹೋದರೆ ಗಲ್ಫಿನಲ್ಲಿರುವ ಅಣ್ಣನಿಗೆ ಫೋನ್, ಇಲ್ಲವೇ ಜಮಾಅತ್‌ಗೆ ಅರ್ಜಿ. ಆ ಗತಿ ಬರುವ ಮೊದಲೇ ಉಸ್ತಾದರಲ್ಲಿ ವಿಚಾರಿಸಿ, ಮನೆಯವರೆಲ್ಲ ಕೂತು ಮಾತಾಡುವುದು ಒಳ್ಳೆಯದು.

ದಾರಿಗಳೂ ಇವೆ. ನವೀಕರಣಕ್ಕೆ ಮೊದಲೇ ಹೊಸ ಷರತ್ತುಗಳನ್ನು ಎಚ್‌ಆರ್ ಕಡೆಯಿಂದ ಬರಹದಲ್ಲಿ ಕೇಳಿ. ಒಬ್ಬರ ಬದಲು ಹತ್ತು ಮಂದಿ ಒಟ್ಟಿಗೆ ಕೇಳಿದರೆ ತೂಕ ಹೆಚ್ಚು. ಗುಂಪು ವಿಮೆಯಿಂದ ಹೊರಬೀಳುವವರು ಅವಧಿ ಮುಗಿಯುವ ಮೊದಲೇ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅರ್ಜಿ ಹಾಕಬಹುದು. ಸಂಸ್ಥೆ ಒಪ್ಪಿದರೆ ಹಿಂದಿನ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಹೊಸದಾಗಿ ಮಾಡಿಸಿದರೆ ಸಕ್ಕರೆ ಕಾಯಿಲೆ, ಬಿಪಿಯಂತಹ ಹಳೆಯ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾದೀತು. ವೈಯಕ್ತಿಕ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಕ್ಲೇಮ್ ತಿರಸ್ಕಾರವಾದರೆ ಮೊದಲು ವಿಮಾ ಸಂಸ್ಥೆಗೇ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ.

ಇವತ್ತೇ ಮಕ್ಕಳಲ್ಲಿ ಒಂದು ಮಾತು ಕೇಳಿ: ಕಾರ್ಡಿನಲ್ಲಿ ಯಾರ್ಯಾರ ಹೆಸರುಂಟು, ಯಾವ ತಾರೀಕಿನವರೆಗೆ?