ಕನಸಿನ ಜಟ್ಟಿಗಾಡಿ ಮನೆಗೆ ಬಂದ ಮೇಲೆ

ಅಮೆರಿಕದಲ್ಲಿ ‘ಮಸಲ್ ಕಾರ್’ ಎಂದು ಕರೆಯಿಸಿಕೊಳ್ಳುವ ಒಂದು ಜಾತಿಯ ಕಾರುಗಳಿವೆ. ಮಸಲ್ ಎಂದರೆ ಮಾಂಸಖಂಡ. ಕನ್ನಡದಲ್ಲಿ ಜಟ್ಟಿಗಾಡಿ ಎಂದರೂ ಅರ್ಥ ಕೆಡದು. ಸಾಧಾರಣ ಸಂಸಾರಸ್ಥರು ಕೊಳ್ಳುವ ಮಧ್ಯಮ ಗಾತ್ರದ ಕಾರಿನೊಳಗೆ ದೊಡ್ಡ ಕಾರಿನ ಭಾರಿ ಎಂಜಿನ್ ಕೂರಿಸಿ, ಕಡಿಮೆ ಬೆಲೆಗೆ ಹೆಚ್ಚು ವೇಗ ಒದಗಿಸುವುದೇ ಅದರ ತಿರುಳು. ಅರ್ಧ ಶತಮಾನ ಕಳೆದರೂ ಅವುಗಳ ಮೋಹ ಅಲ್ಲಿ ಇಳಿದಿಲ್ಲ. ಹಳೆಯದೊಂದನ್ನು ಕೊಂಡು ಮನೆಗೆ ತಂದವರಲ್ಲಿ ಬಹುಮಂದಿ ಮೊದಲ ತಿಂಗಳಲ್ಲೇ ತಲೆಯ ಮೇಲೆ ಕೈ ಹೊತ್ತು ಕೂರುವುದೂ ನಿಂತಿಲ್ಲ.

ಈ ಜಾತಿಯ ಹುಟ್ಟಿನ ಕಥೆಯಲ್ಲೇ ತುಸು ಕಳ್ಳತನವಿದೆ. 1963ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ತನ್ನ ವಿಭಾಗಗಳು ಓಟದ ಪಂದ್ಯಗಳಲ್ಲಿ ತೊಡಗಬಾರದೆಂದು ಅಪ್ಪಣೆ ಮಾಡಿತು. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಇಡಬಾರದೆಂಬ ನಿಯಮವೂ ಅಲ್ಲಿತ್ತು. ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗ ಎಂಜಿನಿಯರುಗಳು ಇದಕ್ಕೊಂದು ಉಪಾಯ ಹುಡುಕಿದರು. ಹೊಸ ಮಾದರಿ ಎಂದು ಹೇಳದೆ, ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ಬೇಕಾದವರು ಸೇರಿಸಿಕೊಳ್ಳಬಹುದಾದ ಒಂದು ಹೆಚ್ಚುವರಿ ಸೌಕರ್ಯವೆಂದು 389 ಘನ ಅಂಗುಲದ ಎಂಜಿನ್ನನ್ನು ಒಳಗೆ ತಂದರು. 1964ರ ಆ ಗಾಡಿಯೇ ಜಿ.ಟಿ.ಓ. ಮೊದಲ ವರ್ಷವೇ 32,450 ಗಾಡಿಗಳು ಮಾರಾಟವಾದ ಮೇಲೆ ನಿಯಮದ ಮಾತು ಯಾರಿಗೂ ನೆನಪಾಗಲಿಲ್ಲ. 389 ಘನ ಅಂಗುಲವೆಂದರೆ ಸುಮಾರು 6,375 ಸಿ.ಸಿ. ನಮ್ಮ ಊರುಗಳಲ್ಲಿ ಎಲ್ಲರೂ ಬಲ್ಲ ಮಾರುತಿ 800ರ ಎಂಜಿನ್ 796 ಸಿ.ಸಿ. ಎಂಟು ಮಾರುತಿಗಳನ್ನು ಒಟ್ಟುಗೂಡಿಸಿದರೆ ಒಂದು ಜಿ.ಟಿ.ಓ.

ಆಮೇಲೆ ಪ್ಲಿಮತ್ ರೋಡ್ ರನ್ನರ್, ಡಾಡ್ಜ್ ಚಾರ್ಜರ್, ಷೆವ್ರೊಲೆ ಷೆವೆಲ್ ಮೊದಲಾದವು ಬಂದವು. ವಿಮಾ ಕಂತಿನ ಏರಿಕೆ, ಹೊಗೆ ನಿಯಂತ್ರಣದ ಕಾನೂನು, 1973ರ ತೈಲ ಬಿಕ್ಕಟ್ಟು ಸೇರಿ ಆ ಯುಗವನ್ನು ಹತ್ತೇ ವರ್ಷಕ್ಕೆ ಮುಗಿಸಿದವು. ಆಗ ಬೀದಿಯಲ್ಲಿ ನಿಂತು ಆ ಗಾಡಿಗಳ ಗುಡುಗನ್ನು ಕೇಳಿದ ಹುಡುಗರು ಮುಂದೆ ನೌಕರಿ ಮುಗಿಸಿ, ಮನೆಸಾಲ ತೀರಿಸಿ, ಉಳಿದ ಹಣದಲ್ಲಿ ಆ ಸದ್ದನ್ನೇ ಕೊಳ್ಳಲು ಹೊರಟರು. ಅವರ ಮಕ್ಕಳೂ ಈಗ ಆ ಸಾಲಿಗೆ ಸೇರಿದ್ದಾರೆ. 1968ರ ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಮಸ್ಟಾಂಗ್, 1974ರಲ್ಲಿ ಒಂದು ಕುಟುಂಬ 6,000 ಡಾಲರಿಗೆ ಕೊಂಡಿದ್ದ ಗಾಡಿ, 2020ರ ಜನವರಿಯ ಹರಾಜಿನಲ್ಲಿ 34 ಲಕ್ಷ ಡಾಲರಿಗೆ ಹೋಯಿತು. ಇಂತಹ ಸುದ್ದಿಗಳು ಬೆಂಕಿಗೆ ತುಪ್ಪ ಸುರಿಯುತ್ತವೆ. ಸಾಧಾರಣ ಗಾಡಿಗೂ ಹತ್ತಾರು ಸಾವಿರ ಡಾಲರು ಬೇಕು. ಖಾಸಗಿ ಮಾರಾಟವಾದರೆ ಹೆಚ್ಚಾಗಿ ‘ಇದ್ದುದು ಇದ್ದ ಹಾಗೆ’ ಎಂಬ ಕರಾರು. ಹಣ ಎಣಿಸಿದ ಮೇಲೆ ಮಾರಿದವನ ಬಾಗಿಲು ತಟ್ಟಿ ಫಲವಿಲ್ಲ.

ಮೊದಲ ವಾರದ ನಿರಾಶೆಗೆ ಹಲವು ಸಲ ಕಾರಿನ ದೋಷ ಕಾರಣವೇ ಅಲ್ಲ. ಅದು ಹೊಸದಾಗಿದ್ದಾಗಲೂ ಹಾಗೆಯೇ ಇತ್ತು. ಸ್ಟೀರಿಂಗ್ ಚಕ್ರ ಒಂದಿಷ್ಟು ತಿರುಗಿದ ಮೇಲೆಯೇ ಮುಂದಿನ ಗಾಲಿಗಳಿಗೆ ಸುದ್ದಿ ಮುಟ್ಟುತ್ತದೆ. ಡ್ರಮ್ ಬ್ರೇಕುಗಳು ಎರಡು ಮೂರು ಸಲ ಬಲವಾಗಿ ತುಳಿದರೆ ಕಾದು ಸೋಲುತ್ತವೆ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡಿದರೆ ಅದೇ ಹೆಚ್ಚು. ಇನ್ನು ಅಶ್ವಶಕ್ತಿಯ ಲೆಕ್ಕ. ಆ ಕಾಲದ ಜಾಹೀರಾತುಗಳಲ್ಲಿ ಕಾಣುವ ಅಂಕಿಗಳು ಎಂಜಿನ್ನನ್ನು ಗಾಡಿಯಿಂದ ಹೊರಗಿಟ್ಟು, ಗಾಳಿ ಶೋಧಕ, ಸೈಲೆನ್ಸರ್ ಮುಂತಾದ ಹೊರೆಗಳನ್ನೆಲ್ಲ ಕಳಚಿ ಅಳೆದವು. 1972ರಿಂದ ಗಾಡಿಯಲ್ಲಿ ಕೂರಿಸಿದ ಸ್ಥಿತಿಯಲ್ಲಿ ಅಳೆಯುವ ಪದ್ಧತಿ ಬಂತು. ಷೆವ್ರೊಲೆಯ 454 ಘನ ಅಂಗುಲದ ಒಂದು ಎಂಜಿನ್ನಿಗೆ 1971ರಲ್ಲಿ ಹಳೆಯ ಲೆಕ್ಕದಂತೆ 365 ಅಶ್ವಶಕ್ತಿಯಾದರೆ, ಹೊಸ ಲೆಕ್ಕದಂತೆ 285. ಎಂಜಿನ್ ಒಂದೇ, ತಕ್ಕಡಿ ಬೇರೆ. ಹೊಸ ಕಾರು ಓಡಿಸಿ ರೂಢಿಯಾದವನಿಗೆ ‘ಇಷ್ಟೇ ಏನು’ ಎನ್ನಿಸುವುದು ಸಹಜ. ಇದನ್ನು ರೋಗವೆಂದು ತಿಳಿದು ಮದ್ದು ಮಾಡಲು ಹೊರಟವನ ಖರ್ಚಿಗೆ ಕೊನೆಯಿಲ್ಲ.

ಎರಡನೆಯ ನಿರಾಶೆ ಇದಕ್ಕಿಂತ ಕಹಿ. ಅದು ಮೋಸದ್ದು. ಸಾಧಾರಣ ಲೆಮಾನ್ಸಿಗೂ ಅಸಲಿ ಜಿ.ಟಿ.ಓ.ಗೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ, ಲೆಮಾನ್ಸಿಗೆ ಜಿ.ಟಿ.ಓ. ಬಿಲ್ಲೆಗಳನ್ನು ಅಂಟಿಸಿ ಮಾರುವ ಕಸುಬೇ ಬೆಳೆದಿದೆ. ಚಾಸಿಸ್ ನಂಬರು ನೋಡಿದರಾಯಿತಲ್ಲ ಎಂದರೆ, 1966ರಿಂದ 1971ರವರೆಗಿನ ಜಿ.ಟಿ.ಓ.ಗಳಿಗೆ ಅದು ಸರಿ. ಅವುಗಳ ಸಂಖ್ಯೆ 242 ಎಂದು ಆರಂಭವಾಗುತ್ತದೆ. 1964 ಮತ್ತು 65ರ ಗಾಡಿಗಳಲ್ಲಿ ಜಿ.ಟಿ.ಓ. ಎಂಬುದು ಕೇವಲ ಹೆಚ್ಚುವರಿ ಸೌಕರ್ಯವಾಗಿದ್ದುದರಿಂದ ಸಂಖ್ಯೆ ಲೆಮಾನ್ಸಿನದೇ. ಅಂದು ಮೇಲಧಿಕಾರಿಗಳ ಕಣ್ಣು ತಪ್ಪಿಸಲು ಹೂಡಿದ ಉಪಾಯ ಇಂದು ವಂಚಕನಿಗೆ ನೆರವಾಗಿದೆ. 1969ರ ನಂತರದ ಷೆವೆಲ್ ಎಸ್.ಎಸ್. ಗಾಡಿಗಳದೂ ಇದೇ ಪಾಡು. ಆಗ ಉಳಿಯುವ ಸಾಕ್ಷಿ ಕಾಗದದ್ದು. ಕಾರ್ಖಾನೆಯ ಕೆಲಸಗಾರರಿಗೆ ಯಾವ ಗಾಡಿಗೆ ಯಾವ ಭಾಗ ಎಂದು ತಿಳಿಸಲು ಕೊಡುತ್ತಿದ್ದ ಹಾಳೆಯೊಂದು ಕೆಲವೊಮ್ಮೆ ಸೀಟಿನ ಸ್ಪ್ರಿಂಗುಗಳ ನಡುವೆಯೋ ಪೆಟ್ರೋಲ್ ಟ್ಯಾಂಕಿನ ಮೇಲೆಯೋ ಐವತ್ತು ವರ್ಷ ಸಿಕ್ಕಿಕೊಂಡಿದ್ದು ಹೊರಬರುತ್ತದೆ. ಸೀಟು ಬಿಚ್ಚಿದಾಗ ಆ ಹಳದಿಗಟ್ಟಿದ ಚೂರು ಕೈಗೆ ಸಿಕ್ಕವನ ಸಂತೋಷವೇ ಬೇರೆ. ಅದರಲ್ಲಿ ತನ್ನ ಗಾಡಿ ಆರು ಸಿಲಿಂಡರಿನ ಬಡಪಾಯಿಯಾಗಿತ್ತೆಂದು ಓದಬೇಕಾದವನ ದುಃಖವೂ ಬೇರೆಯೇ.

ಹೊರಮೈಯ ಮೋಸಕ್ಕೆ ಅಗ್ಗದ ಪರೀಕ್ಷೆಯಿದೆ. ತೆಳ್ಳನೆಯ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲ ಕೆಳಗಂಚು, ಹಿಂಗಾಲಿಯ ಕಮಾನುಗಳ ಮೇಲೆ ಆಡಿಸಬೇಕು. ಅದು ಹಿಡಿಯದೆ ಜಾರಿದ ಕಡೆ ಬಣ್ಣದಡಿ ಇರುವುದು ತಗಡಲ್ಲ, ಪುಟ್ಟಿ. ಮೊದಲ ಪೀಳಿಗೆಯ ಮಸ್ಟಾಂಗುಗಳಲ್ಲಿ ಗಾಜಿನ ಮುಂದಿನ ಗಾಳಿಕಿಂಡಿಯ ಒಳಭಾಗ ತುಕ್ಕು ಹಿಡಿದು ತೂತು ಬೀಳುವುದು ಪ್ರಸಿದ್ಧ. ಆ ಕಿಂಡಿಗೆ ಒಂದು ತಂಬಿಗೆ ನೀರು ಸುರಿದು ಒಳಗೆ ಕಾಲಿಡುವ ಜಾಗ ಒದ್ದೆಯಾಯಿತೇ ಎಂದು ನೋಡುವುದು ಅಲ್ಲಿನ ಅನುಭವಿಗಳ ಕ್ರಮ.

ಮೂರನೆಯದು ನಿಜವಾದ ರೋಗ. ಗಾಡಿ ಬೆಳಿಗ್ಗೆ ಹಿಡಿಯುವುದಿಲ್ಲ, ಬಿಸಿಯಾದರೆ ನಿಲ್ಲುತ್ತದೆ, ಏರಿನಲ್ಲಿ ಕೆಮ್ಮುತ್ತದೆ. ಇಲ್ಲಿ ಹೊಸಬರು ಮಾಡುವ ಕೆಲಸ ಒಂದೇ: ಕಾರ್ಬೊರೇಟರ್ ಬದಲಿಸುವುದು. ಅದರಿಂದ ಸರಿಹೋಗದಿದ್ದರೆ ಕಾಯಿಲ್, ಆಮೇಲೆ ಪಂಪು, ಆಮೇಲೆ ಡಿಸ್ಟ್ರಿಬ್ಯೂಟರ್. ಒಂದೇ ಭಾನುವಾರ ನಾಲ್ಕು ಭಾಗ ಬದಲಿಸಿದವನಿಗೆ ಗಾಡಿ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಹೊಸ ಭಾಗವೇ ಕೆಟ್ಟದ್ದಾಗಿದ್ದರೆ ಗೊಂದಲ ಇಮ್ಮಡಿ. ಬಲ್ಲ ಮೆಕ್ಯಾನಿಕ್ ಮೊದಲು ಒಂದೇ ಪ್ರಶ್ನೆ ಕೇಳುತ್ತಾನೆ: ಯಾವಾಗ? ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಹತ್ತು ನಿಮಿಷ ಓಡಿದ ಮೇಲೋ, ರಾತ್ರಿ ನಿಲ್ಲಿಸಿದ ಮೇಲೋ. ಉತ್ತರ ಸರಿಯಾಗಿದ್ದರೆ ಅರ್ಧ ಕೆಲಸ ಬಾನೆಟ್ ಎತ್ತುವ ಮುನ್ನವೇ ಮುಗಿಯುತ್ತದೆ.

ಕ್ರೈಸ್ಲರ್ ಕಂಪನಿಯ ಪ್ಲಿಮತ್, ಡಾಡ್ಜ್ ಗಾಡಿಗಳ ಒಂದು ಚೇಷ್ಟೆಯನ್ನು ನೋಡಬಹುದು. ಕೀ ತಿರುಗಿಸಿದಾಗ ಎಂಜಿನ್ ಹಿಡಿಯುತ್ತದೆ. ಕೀ ಬಿಟ್ಟೊಡನೆ ಸಾಯುತ್ತದೆ. ಎಷ್ಟು ಸಲ ಮಾಡಿದರೂ ಅಷ್ಟೇ. ಪೆಟ್ರೋಲಿನ ತೊಂದರೆಯಾಗಿದ್ದರೆ ಕೀಲಿಯ ಚಲನೆಗೆ ಇಷ್ಟು ನಿಷ್ಠೆಯಿಂದ ಹೊಂದಿಕೊಳ್ಳುತ್ತಿರಲಿಲ್ಲ. ಆ ಗಾಡಿಗಳಲ್ಲಿ ಸ್ಟಾರ್ಟ್ ಆಗುವಾಗ ಕಾಯಿಲಿಗೆ ವಿದ್ಯುತ್ತು ನೇರವಾಗಿ ಹೋಗುತ್ತದೆ, ಓಡುವಾಗ ಪಿಂಗಾಣಿಯ ಒಂದು ಪುಟ್ಟ ರೋಧಕದ ಮೂಲಕ ಹೋಗುತ್ತದೆ. ಆ ರೋಧಕದೊಳಗಿನ ತಂತಿ ಕಡಿದರೆ ಹೀಗಾಗುತ್ತದೆ. ಅದರ ಬೆಲೆ ಅತ್ಯಲ್ಪ. ಹಳೆಯ ಮಾಲೀಕರು ಇನ್ನೊಂದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಸದಾ ಇಟ್ಟುಕೊಂಡಿರುತ್ತಾರೆ.

ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ರಸ್ತೆಯ ಮಧ್ಯೆ ನಿಂತು, ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಸರಿಹೋಗುವ ಗಾಡಿ ಇನ್ನೊಂದು ಬಗೆ. ಟ್ಯಾಂಕಿನ ಮುಚ್ಚಳ ತೆರೆದಾಗ ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿದರೆ ಗುಟ್ಟು ಅಲ್ಲಿದೆ. ಹಳೆಯ ಟ್ಯಾಂಕುಗಳಿಗೆ ಗಾಳಿಯಾಡುವ ಮುಚ್ಚಳವಿತ್ತು. ಎಪ್ಪತ್ತರ ದಶಕದ ಆವಿ ನಿಯಂತ್ರಣದ ಟ್ಯಾಂಕುಗಳಿಗೆ ಬಿಗಿಮುಚ್ಚಳ ಬಂತು. ಹಳೆಯ ಟ್ಯಾಂಕಿಗೆ ಯಾರೋ ಹೊಸ ಮುಚ್ಚಳ ಹಾಕಿದ್ದರೆ ಪೆಟ್ರೋಲ್ ಇಳಿದಷ್ಟೂ ಒಳಗೆ ಒತ್ತಡ ಕುಸಿದು ಪಂಪು ಸೋಲುತ್ತದೆ. ಮುಚ್ಚಳವನ್ನು ಸಡಿಲಿಸಿಟ್ಟು ಪಕ್ಕದ ಬೀದಿಯಲ್ಲಿ ಒಂದು ಸುತ್ತು ಬಂದರೆ ನಿರ್ಣಯವಾಗುತ್ತದೆ, ಕಾಸಿನ ಖರ್ಚಿಲ್ಲ. ಹಾಗೂ ನಿಂತರೆ ಟ್ಯಾಂಕಿನ ತುಕ್ಕು ಕಟ್ಟಿದ ಜಾಲರಿ, ಇಲ್ಲವೆ ಎಂಜಿನ್ನಿನ ಬಿಸಿಗೆ ಕೊಳವೆಯಲ್ಲೇ ಕುದಿಯುವ ಪೆಟ್ರೋಲ್.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಸುಳ್ಳು ಹೇಳುವ ಗುರುತು. ಕ್ರ್ಯಾಂಕ್‌ಶಾಫ್ಟಿನ ಮುಂತುದಿಯಲ್ಲಿ ಕಂಪನ ತಗ್ಗಿಸುವ ಒಂದು ಚಕ್ರವಿದೆ. ಒಳಗೊಂದು ಬಳೆ, ಹೊರಗೊಂದು ಬಳೆ, ನಡುವೆ ರಬ್ಬರು. ಕಿಡಿ ಹಾರುವ ಕ್ಷಣವನ್ನು ಹೊಂದಿಸುವ ಗೆರೆ ಹೊರಬಳೆಯ ಮೇಲಿರುತ್ತದೆ. ಐವತ್ತು ವರ್ಷದಲ್ಲಿ ರಬ್ಬರು ಕೊಳೆತು ಹೊರಬಳೆ ಜಾರಿದರೆ ಗೆರೆಯೂ ಜಾರುತ್ತದೆ. ಮೆಕ್ಯಾನಿಕ್ ಪುಸ್ತಕ ನೋಡಿ ಶ್ರದ್ಧೆಯಿಂದ ಹೊಂದಿಸಿದಷ್ಟೂ ಗಾಡಿ ಮಂಕಾಗಿ ಬಿಸಿಯಾಗುತ್ತದೆ. ಪರಿಹಾರದಲ್ಲಿ ಶಾಲೆಯ ರೇಖಾಗಣಿತವಿದೆ. ಒಂದನೆಯ ಸಿಲಿಂಡರಿನ ಪ್ಲಗ್ ತೆಗೆದು, ಆ ರಂಧ್ರದಲ್ಲಿ ಪಿಸ್ಟನ್ನನ್ನು ತಡೆಯುವ ಬೋಲ್ಟ್ ಕೂರಿಸಿ, ಎಂಜಿನ್ನನ್ನು ಕೈಯಿಂದ ಮೆಲ್ಲನೆ ತಿರುಗಿಸಬೇಕು. ಪಿಸ್ಟನ್ ತಡೆದ ಜಾಗದಲ್ಲಿ ಚಕ್ರದ ಮೇಲೊಂದು ಗುರುತು, ಹಿಂದಕ್ಕೆ ತಿರುಗಿಸಿ ಮತ್ತೆ ತಡೆದಲ್ಲಿ ಇನ್ನೊಂದು ಗುರುತು. ಎರಡರ ನಟ್ಟನಡುವಿನ ಬಿಂದುವೇ ಪಿಸ್ಟನ್ ತುತ್ತತುದಿಯಲ್ಲಿರುವ ನಿಜವಾದ ಸ್ಥಾನ. ಹಳೆಯ ಗೆರೆ ಅಲ್ಲಿ ಇಲ್ಲದಿದ್ದರೆ ಇಷ್ಟು ದಿನದ ಶ್ರಮವೆಲ್ಲ ನೀರಿನಲ್ಲಿ ಹೋಮ.

ರೋಚೆಸ್ಟರ್ ಕ್ವಾಡ್ರಾಜೆಟ್ ಎಂಬ ಕಾರ್ಬೊರೇಟರಿನ ಹಳೆಯ ಮಾದರಿಗಳಲ್ಲಿ ತಳದ ಬಿರಡೆಗಳಿಂದ ಪೆಟ್ರೋಲ್ ಸೋರಿ ಬಟ್ಟಲು ಬರಿದಾಗುತ್ತದೆ. ವಾರ ನಿಂತ ಗಾಡಿ ಆಮೇಲೆ ಸುಲಭಕ್ಕೆ ಹಿಡಿಯುವುದಿಲ್ಲ. ಅಮೆರಿಕದ ಪೆಟ್ರೋಲಿನಲ್ಲಿ ಈಗ ಸಾಮಾನ್ಯವಾಗಿ ಬೆರೆತಿರುವ ಶೇ. 10ರ ಎಥೆನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಸೋರುವ ಪೆಟ್ರೋಲ್ ಎಂದರೆ ಬೆಂಕಿಯೇ. ಆದುದರಿಂದ ಕೊಂಡ ಮೊದಲ ದಿನವೇ ಎಲ್ಲ ಕೊಳವೆಗಳನ್ನು ಬದಲಿಸುವುದರಲ್ಲಿ ಎರಡನೆಯ ಯೋಚನೆ ಬೇಡ.

ಬ್ರೇಕಿನ ಮಾತು ಅದಕ್ಕಿಂತಲೂ ಗಂಭೀರ. 1966ರವರೆಗಿನ ಹೆಚ್ಚಿನ ಅಮೆರಿಕನ್ ಕಾರುಗಳ ಮಾಸ್ಟರ್ ಸಿಲಿಂಡರಿನಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ಎಣ್ಣೆಯ ದಾರಿ. ಒಂದು ಗಾಲಿಯ ಕೊಳವೆ ಒಡೆದರೆ ನಾಲ್ಕರ ಬ್ರೇಕೂ ಹೋದಂತೆ. ಮುಂದೆ, ಹಿಂದೆ ಎಂದು ದಾರಿ ಎರಡಾಗಿ ಬೇರ್ಪಟ್ಟದ್ದು ಆಮೇಲೆ. ಎಂಜಿನ್ನಿಗೆ ಸಾವಿರಾರು ಡಾಲರು ಸುರಿದು ಬ್ರೇಕನ್ನು ‘ಮುಂದಿನ ತಿಂಗಳು ನೋಡೋಣ’ ಎನ್ನುವವರಿದ್ದಾರೆ. ಸಂಸಾರವನ್ನು ಕೂರಿಸಿಕೊಂಡು ಹೊರಡುವ ಗಾಡಿಯಲ್ಲಿ ಇದು ತೀರ ಬೇಜವಾಬ್ದಾರಿ.

ಸೀಸದ ಭಯ ಮಾತ್ರ ಹಲವರಲ್ಲಿ ಅಗತ್ಯಕ್ಕಿಂತ ಹೆಚ್ಚು. ಹಳೆಯ ಪೆಟ್ರೋಲಿನ ಸೀಸ ವಾಲ್ವ್ ಕೂರುವ ಅಂಚನ್ನು ಸವೆಯದಂತೆ ಕಾಯುತ್ತಿತ್ತು. ಅಮೆರಿಕದ ರಸ್ತೆಗಳಲ್ಲಿ ಅದು 1996ರಿಂದ ನಿಷಿದ್ಧ. ಭಾನುವಾರ ಮೆಲ್ಲಗೆ ಓಡುವ ಗಾಡಿಗೆ ಅದರಿಂದ ಬೇಗ ಹಾನಿಯಿಲ್ಲ. ಎಂದಾದರೂ ಎಂಜಿನ್ನಿನ ತಲೆ ಬಿಚ್ಚಿದಾಗ ಗಟ್ಟಿ ಲೋಹದ ಅಂಚು ಕೂರಿಸಿದರಾಯಿತು.

ತಲೆ ಬಿಚ್ಚಬೇಕೆ ಎಂಬುದನ್ನು ತಿಳಿಯಲು ಕಂಪ್ರೆಶನ್ ಮಾಪಕ ಸಾಕು. ಎಲ್ಲ ಪ್ಲಗ್ಗುಗಳನ್ನು ತೆಗೆದು, ಕಾಯಿಲಿನ ತಂತಿ ಕಳಚಿ, ಆಕ್ಸಿಲರೇಟರನ್ನು ಪೂರ್ತಿ ತುಳಿದು, ಎಂಟು ಸಿಲಿಂಡರುಗಳ ಒತ್ತಡವನ್ನೂ ಒಂದೊಂದಾಗಿ ಅಳೆದು ಬರೆದುಕೊಳ್ಳಬೇಕು. ಅಂಕಿಗಳು ಹತ್ತಿರ ಹತ್ತಿರವಿದ್ದರೆ ಎಂಜಿನ್ ಗಟ್ಟಿಯಾಗಿದೆ, ಉಳಿದುದೆಲ್ಲ ಹೊರಗಿನ ಉಪದ್ರವ. ಒಂದು ಸಿಲಿಂಡರ್ ಮಾತ್ರ ಬಹಳ ಕಡಿಮೆ ತೋರಿಸಿದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಆಯಿಲ್ ಪಿಸ್ಟನ್ನಿನ ಸುತ್ತ ಹರಡಿ ಸಂದು ಮುಚ್ಚಿದಾಗ ಒತ್ತಡ ಏರಿದರೆ ಸವೆದದ್ದು ರಿಂಗು. ಏರದಿದ್ದರೆ ದೋಷ ವಾಲ್ವಿನದು. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಸೋತಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಇಷ್ಟು ತಿಳಿಯಲು ಬೇಕಾದದ್ದು ಒಂದು ಗಂಟೆ. ಮಾರುವವನು ಒಪ್ಪಿದರೆ ಹಣ ಕೊಡುವ ಮುನ್ನ ಅವನ ಅಂಗಳದಲ್ಲೇ ಇದನ್ನು ಮಾಡಿ ಮುಗಿಸಬಹುದು. ಒಪ್ಪದಿದ್ದರೆ ಅದೂ ಒಂದು ಉತ್ತರವೇ.