ಮೊದಲು ಸಮವಸ್ತ್ರ, ಆಮೇಲೆ ಮದುವೆ

2024ರ ಜನವರಿ 26ರ ಬೆಳಿಗ್ಗೆ ದೆಹಲಿಯ ಕರ್ತವ್ಯಪಥದಲ್ಲಿ ಗಂಡ ಹೆಂಡತಿ ಇಬ್ಬರೂ ಹೆಜ್ಜೆ ಹಾಕಿದರು. ಜೊತೆಜೊತೆಗಲ್ಲ, ಬೇರೆಬೇರೆ ತುಕಡಿಗಳಲ್ಲಿ. ಮೇಜರ್ ಜೆರಿ ಬ್ಲೇಜ್ ಇದ್ದದ್ದು ಮದ್ರಾಸ್ ರೆಜಿಮೆಂಟಿನ ಸಾಲಿನಲ್ಲಿ. ಅವರ ಪತ್ನಿ, ಮೈಸೂರಿನ ಕ್ಯಾಪ್ಟನ್ ಸುಪ್ರೀತಾ ಸಿ.ಟಿ. ಇದ್ದದ್ದು ಮೂರೂ ಪಡೆಗಳ ಮಹಿಳೆಯರ ತುಕಡಿಯಲ್ಲಿ. ಸೇವೆಯಲ್ಲಿರುವ ದಂಪತಿ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಹೀಗೆ ಎರಡು ತುಕಡಿಗಳಲ್ಲಿ ನಡೆದದ್ದು ಅದೇ ಮೊದಲು ಎಂದು ಪತ್ರಿಕೆಗಳು ಬರೆದವು. ಅದೇ ವರ್ಷ ಸುಪ್ರೀತಾ ಸಿಯಾಚಿನ್‌ಗೂ ಹೋದರು. ಸೇನೆಯ ವಾಯುರಕ್ಷಣಾ ದಳದಿಂದ ಆ ಹಿಮಭೂಮಿಯಲ್ಲಿ ಕರ್ತವ್ಯಕ್ಕೆ ನಿಂತ ಮೊದಲ ಮಹಿಳೆ ಅವರು.

ಮೈಸೂರಿನಲ್ಲಿ ಕಾನೂನು ಓದಿದ, ಎನ್‌ಸಿಸಿಯಲ್ಲಿ ಬೆಳೆದ ಹುಡುಗಿಯೊಬ್ಬಳ ಈ ಸಾಧನೆ ಹೆಮ್ಮೆಯದು. ಆದರೆ ಅದರಲ್ಲಿ ಗಮನಿಸಬೇಕಾದ ಇನ್ನೊಂದು ವಿವರ ಇದೆ. ಅವರ ಮದುವೆಯಾದದ್ದು 2023ರ ಜೂನ್‌ನಲ್ಲಿ. ಅವರು ಸೇನೆಯ ಅಧಿಕಾರಿಯಾದದ್ದು ಅದಕ್ಕೂ ಮೊದಲು. ಮೊದಲು ಸಮವಸ್ತ್ರ, ಆಮೇಲೆ ಮದುವೆ. ಈ ಕ್ರಮ ತಿರುಗುಮುರುಗಾಗಿದ್ದರೆ ಅವರಿಗೆ ಆ ಸಮವಸ್ತ್ರವೇ ಸಿಗುತ್ತಿರಲಿಲ್ಲ.

ಬೆಳಗಾವಿ, ಹಾವೇರಿ, ಬಾಗಲಕೋಟೆ, ಕೊಡಗಿನ ಎಷ್ಟೋ ಊರುಗಳಲ್ಲಿ ‘ಮಿಲ್ಟ್ರಿ ಮನೆ’ಗಳಿವೆ. ಹುಡುಗ ಹದಿನೆಂಟು ಹತ್ತೊಂಬತ್ತಕ್ಕೆ ಭರ್ತಿಯಾಗುತ್ತಾನೆ, ನಾಲ್ಕಾರು ವರ್ಷಕ್ಕೆ ರಜೆ ಹಾಕಿ ಬಂದು ಮದುವೆಯಾಗುತ್ತಾನೆ. ಹೆಣ್ಣಿಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ; ಡಿಗ್ರಿಯ ಕೊನೆಯ ವರ್ಷವೋ, ಆಗತಾನೇ ಮುಗಿಸಿದ್ದೋ. ಗಂಡನ ಜೊತೆ ಕಂಟೋನ್ಮೆಂಟಿನ ಕ್ವಾರ್ಟರ್ಸ್‌ಗೆ ಹೋದ ಮೇಲೆ ಅವಳಿಗೆ ಸೇನೆ ಹೊಸ ಪ್ರಪಂಚವಾಗಿ ಉಳಿಯುವುದಿಲ್ಲ. ಹೆಸರು ಬರೆದ ಕಪ್ಪು ಟ್ರಂಕುಗಳಲ್ಲಿ ಸಂಸಾರ ತುಂಬಿಸುವುದು, ಪೋಸ್ಟಿಂಗ್ ಆರ್ಡರ್ ಬಂದಾಗ ಮಕ್ಕಳ ಟಿ.ಸಿ. ತೆಗೆಸುವುದು, ಗಂಡ ಫೀಲ್ಡ್‌ಗೆ ಹೋದಾಗ ವಾರಗಟ್ಟಲೆ ಫೋನ್ ಇಲ್ಲದೆ ಇರುವುದು, ಎಲ್ಲ ರೂಢಿಯಾಗುತ್ತದೆ. ಮೈದಾನದಲ್ಲಿ ಮಹಿಳಾ ಅಧಿಕಾರಿಯೊಬ್ಬರು ಆಜ್ಞೆ ಕೊಡುವುದನ್ನು ನೋಡಿದ ದಿನ ‘ನಾನ್ಯಾಕೆ ಆಗಬಾರದು?’ ಅನ್ನಿಸುವುದು ಸಹಜ. ಓದಿದೆ, ವಯಸ್ಸಿದೆ, ಆ ಬದುಕಿನ ಕಷ್ಟಸುಖ ಗೊತ್ತಿದೆ. ಗಂಡನೂ ‘ಹಾಕು ಅರ್ಜಿ’ ಅನ್ನುತ್ತಾನೆ.

ಅರ್ಜಿಯ ಷರತ್ತು ಓದಿದಾಗ ಕಾಲು ನಿಲ್ಲುತ್ತದೆ.

ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುವ ಸಿಡಿಎಸ್ ಪರೀಕ್ಷೆಯ ಮೂಲಕ ಚೆನ್ನೈನ ಅಧಿಕಾರಿ ತರಬೇತಿ ಅಕಾಡೆಮಿ, ಅಂದರೆ ಒಟಿಎ ಸೇರಬಯಸುವ ಹೆಣ್ಣುಮಕ್ಕಳಿಗೆ ಪ್ರಕಟಣೆ ಹೇಳುವುದು ಇಷ್ಟು: ಅವಿವಾಹಿತೆಯಾಗಿರಬೇಕು, ಇಲ್ಲವೇ ಮಕ್ಕಳಿಲ್ಲದ, ಮರುಮದುವೆಯಾಗದ ವಿಧವೆಯಾಗಿರಬೇಕು, ಇಲ್ಲವೇ ಮಕ್ಕಳಿಲ್ಲದ ವಿಚ್ಛೇದಿತೆಯಾಗಿರಬೇಕು. ಆಯ್ಕೆಯಾದವರು ತರಬೇತಿ ಮುಗಿಯುವ ತನಕ ಮದುವೆಯಾಗುವಂತಿಲ್ಲ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ 2021ರ ಮೇ ತಿಂಗಳಲ್ಲಿ 83 ಹೆಣ್ಣುಮಕ್ಕಳ ಮೊದಲ ತಂಡ ತರಬೇತಿ ಮುಗಿಸಿದಾಗ ಜವಾನರ ಮಟ್ಟದಲ್ಲೂ ಹೆಣ್ಣಿಗೆ ದಾರಿ ತೆರೆಯಿತು. 2022ರಿಂದ ಆ ಭರ್ತಿಯೂ ಅಗ್ನಿಪಥ್ ಯೋಜನೆಗೆ ಸೇರಿದೆ. ಅದರಡಿ ಭರ್ತಿಯಾಗುವ ಅಗ್ನಿವೀರರು ನಾಲ್ಕು ವರ್ಷ ಮದುವೆಯಾಗುವಂತಿಲ್ಲ. ಹಾಗಾಗಿ ಸೈನಿಕನ ಹೆಂಡತಿಗೆ ಅದೂ ಇಲ್ಲ.

ಹುಡುಗರಿಗೂ ಇದೇ ನಿಯಮ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಭಾರ ಇಬ್ಬರ ಮೇಲೂ ಒಂದೇ ಸಮ ಬೀಳುವುದಿಲ್ಲ. ನಮ್ಮ ಊರುಗಳಲ್ಲಿ ಹುಡುಗ ನೌಕರಿ ಸಿಕ್ಕ ಮೇಲೆ ಮದುವೆಯಾಗುತ್ತಾನೆ, ಹುಡುಗಿಗೆ ನೌಕರಿ ಹುಡುಕುವ ಮೊದಲೇ ಮದುವೆ ಮಾಡುತ್ತಾರೆ. ಭರ್ತಿಯಾದ ಜವಾನನಿಗೆ ಮುಂದೆ ಅಧಿಕಾರಿಯಾಗುವ ಒಳದಾರಿಗಳಿವೆ, ಅವುಗಳಲ್ಲಿ ಕೆಲವಕ್ಕೆ ಮದುವೆ ಅಡ್ಡಿಯೇ ಅಲ್ಲ. ಇಪ್ಪತ್ತೆರಡಕ್ಕೆ ಮದುವೆಯಾದ ಹೆಣ್ಣಿಗೆ ಮಾತ್ರ ಅಲ್ಲಿಗೆ ಲೆಕ್ಕ ಮುಗಿಯುತ್ತದೆ.

ಇನ್ನೂ ನೋವಿನ ಸಂಗತಿ ಬೇರೆ ಇದೆ. ಆ ಸೈನಿಕ ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಅದೇ ಹೆಂಡತಿಗೆ ಸೇನೆ ಬಾಗಿಲು ತೆರೆಯುತ್ತದೆ. ಸೇವೆಯಲ್ಲಿ ಮಡಿದವರ ಪತ್ನಿಯರಿಗೆ ಒಟಿಎಯಲ್ಲಿ ಪ್ರತ್ಯೇಕ ಪ್ರವೇಶವಿದೆ. ವಯೋಮಿತಿ 35 ವರ್ಷ, ಮಕ್ಕಳಿದ್ದರೂ ಅಡ್ಡಿಯಿಲ್ಲ. ಸ್ಥಾನಗಳು ತೀರ ಕಡಿಮೆ: ತಾಂತ್ರಿಕ ಪದವೀಧರರ ಪ್ರವೇಶದ ಇತ್ತೀಚಿನ ಪ್ರಕಟಣೆಗಳಲ್ಲಿ 381 ಸ್ಥಾನಗಳಿದ್ದರೆ ಅವುಗಳಲ್ಲಿ ಎರಡು ಮಾತ್ರ ಅವರಿಗೆ.

ಆ ಬಾಗಿಲಿನಿಂದ ಒಳಗೆ ಬಂದವರ ಹೆಸರುಗಳನ್ನು ದೇಶ ಬಲ್ಲದು. 41 ರಾಷ್ಟ್ರೀಯ ರೈಫಲ್ಸ್‌ನ ಕಮಾಂಡಿಂಗ್ ಆಫೀಸರ್ ಆಗಿದ್ದ ಕರ್ನಲ್ ಸಂತೋಷ್ ಮಹಾಡಿಕ್ 2015ರ ನವೆಂಬರ್‌ನಲ್ಲಿ ಕುಪ್ವಾರಾದ ಕಾಡಿನಲ್ಲಿ ಹುತಾತ್ಮರಾದರು. ಸಾತಾರಾದಲ್ಲಿ ಅಂತ್ಯಕ್ರಿಯೆ ನಡೆಯುವ ಹೊತ್ತಿಗೇ ಪತ್ನಿ ಸ್ವಾತಿ ತಾನೂ ಸೇನೆ ಸೇರುವ ನಿರ್ಧಾರ ಮಾಡಿಯಾಗಿತ್ತು. ಶಿಕ್ಷಕಿಯಾಗಿದ್ದವರು, ಇಬ್ಬರು ಮಕ್ಕಳ ತಾಯಿ. ತಮಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರ ಜೊತೆ ಹನ್ನೊಂದು ತಿಂಗಳು ಓಡಿ, ಹಗ್ಗ ಹತ್ತಿ, 2017ರ ಸೆಪ್ಟೆಂಬರ್‌ನಲ್ಲಿ ಲೆಫ್ಟಿನೆಂಟ್ ಆದರು. ಅದೇ ತಂಡದಲ್ಲಿ ನಾಯಕ್ ಮುಕೇಶ್ ದುಬೆ ಅವರ ಪತ್ನಿ ನಿಧಿ ದುಬೆ ಕೂಡ ಇದ್ದರು. 2019ರ ಪುಲ್ವಾಮಾ ಕಾರ್ಯಾಚರಣೆಯಲ್ಲಿ ಮಡಿದ ಮೇಜರ್ ವಿಭೂತಿ ಶಂಕರ್ ಧೌಂಡಿಯಾಲ್ ಅವರ ಪತ್ನಿ ನಿಕಿತಾ ಕೌಲ್ 2021ರ ಮೇ 29ರಂದು ಅಧಿಕಾರಿಯಾದರು. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವರು ಅವರು. ಗಾಲ್ವಾನ್ ಸಂಘರ್ಷದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಲೇ ಪ್ರಾಣಬಿಟ್ಟ, ವೀರಚಕ್ರ ಪಡೆದ ನಾಯಕ್ ದೀಪಕ್ ಸಿಂಗ್ ಅವರ ಪತ್ನಿ ರೇಖಾ ಸಿಂಗ್ ಮೊದಲ ಪ್ರಯತ್ನದಲ್ಲಿ ಸೋತು, ಎರಡನೆಯದರಲ್ಲಿ ಗೆದ್ದು 2023ರಲ್ಲಿ ಅದೇ ಒಟಿಎಯಿಂದ ಅಧಿಕಾರಿಯಾಗಿ ಹೊರಬಂದರು.

ಈ ಹೆಣ್ಣುಮಕ್ಕಳಿಗೆ ಸಿಕ್ಕ ಅವಕಾಶ ಅವರ ಹಕ್ಕು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಸಾಬೀತು ಮಾಡಿದ್ದನ್ನು ಓದಬೇಕಲ್ಲವೇ? ಮೂವತ್ತು ದಾಟಿದ, ಮಕ್ಕಳನ್ನು ಹೆತ್ತ, ಸಂಸಾರ ನಡೆಸಿದ ಹೆಣ್ಣು ಒಟಿಎ ತರಬೇತಿಯನ್ನು ಯಾವ ರಿಯಾಯಿತಿಯೂ ಇಲ್ಲದೆ ಮುಗಿಸಬಲ್ಲಳು ಎಂಬುದನ್ನು ಅವರು ತೋರಿಸಿಕೊಟ್ಟಿದ್ದಾರೆ. ಮದುವೆಯಾದವರಿಗೆ ತರಬೇತಿಯ ಒತ್ತಡ ಹೆಚ್ಚು ಎಂಬ ವಾದ ಅಲ್ಲಿಗೆ ಸಡಿಲವಾಗುತ್ತದೆ. ಗಂಡ ಸತ್ತ ಮೇಲೆ ಬರುವ ಶಕ್ತಿ ಗಂಡ ಬದುಕಿರುವಾಗ ಅವಳಲ್ಲಿ ಇರುವುದಿಲ್ಲ ಎಂದು ಯಾರು ಹೇಳಬಲ್ಲರು? ತರಬೇತಿಯ ಅವಧಿಯಲ್ಲಿ ಗರ್ಭಧಾರಣೆ ಬೇಡ ಎಂಬ ಷರತ್ತು ಹಾಕುವುದು ಬೇರೆ. ಮದುವೆಯನ್ನೇ ಅನರ್ಹತೆ ಮಾಡುವುದು ಬೇರೆ.

ಮದುವೆ ಮತ್ತು ಸಮವಸ್ತ್ರದ ಈ ಜಗಳಕ್ಕೆ ಹಳೆಯ ಚರಿತ್ರೆ ಇದೆ. ಮಿಲಿಟರಿ ನರ್ಸಿಂಗ್ ಸೇವೆಯಲ್ಲಿದ್ದ ಲೆಫ್ಟಿನೆಂಟ್ ಸೆಲಿನಾ ಜಾನ್ 1988ರಲ್ಲಿ ಸೇನಾಧಿಕಾರಿಯೊಬ್ಬರನ್ನು ಮದುವೆಯಾದರು. ಅದೇ ಕಾರಣಕ್ಕೆ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ಗಂಡ ಸಮವಸ್ತ್ರದಲ್ಲೇ ಉಳಿದರು, ಹೆಂಡತಿ ಬಿಚ್ಚಬೇಕಾಯಿತು. ಹೀಗೆ ಮಾಡಲು ಅವಕಾಶ ಕೊಟ್ಟಿದ್ದ 1977ರ ಆದೇಶವನ್ನು ಸೇನೆ 1995ರಲ್ಲಿ ಹಿಂತೆಗೆದುಕೊಂಡಿತು. ಸೆಲಿನಾ ಅವರಿಗೆ ನ್ಯಾಯ ಸಿಗಲು ಮತ್ತೂ ಮೂರು ದಶಕ ಹಿಡಿಯಿತು. 2024ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಮದುವೆಯಾದಳೆಂದು ಹೆಣ್ಣನ್ನು ಕೆಲಸದಿಂದ ತೆಗೆಯುವುದು ಲಿಂಗ ತಾರತಮ್ಯ ಎಂದು ನಿಚ್ಚಳವಾಗಿ ಹೇಳಿತು. ಸೇವೆಯಲ್ಲಿರುವವರ ಮಟ್ಟಿಗೆ ಆ ಪ್ರಶ್ನೆ ಮುಗಿದಿದೆ. ಒಳಗೆ ಬರಬೇಕಾದವರ ಮಟ್ಟಿಗೆ ಇನ್ನೂ ಇದೆ.

ಹಾಗಂತ ಎಲ್ಲ ದಾರಿಯೂ ಮುಚ್ಚಿಲ್ಲ. ಡಾಕ್ಟರ್ ಆಗಿರುವ ಹೆಣ್ಣಿಗೆ ಸೇನಾ ವೈದ್ಯಕೀಯ ದಳ ಮದುವೆಯ ಬಗ್ಗೆ ತಕರಾರು ಮಾಡುವುದಿಲ್ಲ, ದಂತವೈದ್ಯರಿಗೂ ಹಾಗೆಯೇ. ಬಿ.ಎಸ್‌ಸಿ. ನರ್ಸಿಂಗ್ ಮಾಡಿದವರಿಗೆ ಮಿಲಿಟರಿ ನರ್ಸಿಂಗ್ ಸೇವೆಯ ಅಲ್ಪಾವಧಿ ಕಮಿಷನ್‌ಗೆ ಈಗ ವಿವಾಹಿತೆಯರೂ ಅರ್ಜಿ ಹಾಕಬಹುದು. ಒಂದು ಕಾಲಕ್ಕೆ ಮದುವೆಯಾದವರನ್ನು ಹೊರಗೆ ಕಳಿಸಿದ ಸೇವೆಯೇ ಇಂದು ಅವರನ್ನು ಕರೆಯುತ್ತಿರುವುದು ಸಣ್ಣ ಬದಲಾವಣೆಯಲ್ಲ. ಉದ್ಯೋಗದಲ್ಲಿರುವ ಪದವೀಧರರಿಗೆ ಟೆರಿಟೋರಿಯಲ್ ಆರ್ಮಿ ಇದೆ. ವಯಸ್ಸು 42ರವರೆಗೆ, ಹೆಣ್ಣುಮಕ್ಕಳಿಗೆ ಸಿಗುವ ಸ್ಥಾನಗಳು ಮಾತ್ರ ಬೆರಳೆಣಿಕೆಯವು. ಆದ್ದರಿಂದ ಸೈನಿಕನ ಮನೆಗೆ ಸೊಸೆಯಾಗಿ ಹೋಗಲಿರುವ, ಮನಸ್ಸಿನಲ್ಲಿ ಸೇನೆಯ ಆಸೆ ಇಟ್ಟುಕೊಂಡ ಹುಡುಗಿಗೆ ಹೇಳಬೇಕಾದ ಮಾತು ಇದು: ಲಗ್ನಪತ್ರಿಕೆ ಅಚ್ಚಾಗುವ ಮೊದಲು ಸಿಡಿಎಸ್ ಪ್ರಕಟಣೆ ಓದಬೇಕು. ಮದುವೆಯನ್ನು ತರಬೇತಿ ಮುಗಿಯುವ ತನಕ ಮುಂದಕ್ಕೆ ಹಾಕಿದರೆ ಇಡೀ ಬದುಕಿನ ದಾರಿ ಬದಲಾಗಬಹುದು. ಇದನ್ನು ಹುಡುಗನ ಮನೆಯವರಿಗೆ ಕೂರಿಸಿ ಹೇಳುವ ಅಪ್ಪ ಅಮ್ಮ ಬೇಕು.

ಇಬ್ಬರೂ ಸೇವೆಯಲ್ಲಿದ್ದರೆ ಸಂಸಾರ ಹೇಗೆ ನಡೆಯುತ್ತದೆ? ಧಾರವಾಡದಲ್ಲಿ ಹುಟ್ಟಿದ ಮಾಧುರಿ ಕಾನಿಟ್ಕರ್ 1978ರಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು (ಎಎಫ್‌ಎಂಸಿ) ಸೇರಿದರು, ಮಕ್ಕಳ ಮೂತ್ರಪಿಂಡ ತಜ್ಞೆಯಾದರು. ಗಂಡ ರಾಜೀವ್ ಕಾನಿಟ್ಕರ್ ಕೂಡ ಸೇನೆಯವರು. 2020ರಲ್ಲಿ ಮಾಧುರಿ ಲೆಫ್ಟಿನೆಂಟ್ ಜನರಲ್ ಆದಾಗ, ಅದೇ ಹುದ್ದೆಯಿಂದ ನಿವೃತ್ತರಾಗಿದ್ದ ಗಂಡನೊಂದಿಗೆ ಅವರು ದೇಶದ ಮೊದಲ ಲೆಫ್ಟಿನೆಂಟ್ ಜನರಲ್ ದಂಪತಿಯಾದರು. ವಾಯುಪಡೆಯ ಪದ್ಮಾವತಿ ಬಂದೋಪಾಧ್ಯಾಯ ಮತ್ತು ಅವರ ಪತಿ ಒಂದೇ ಸಮಾರಂಭದಲ್ಲಿ ವಿಶಿಷ್ಟ ಸೇವಾ ಪದಕ ಪಡೆದ ಮೊದಲ ವಾಯುಪಡೆ ದಂಪತಿ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ವಿವರವನ್ನು ದೇಶದ ಮುಂದಿಟ್ಟ ಕರ್ನಲ್ ಸೋಫಿಯಾ ಖುರೇಷಿ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ, ಗಂಡನೂ ಸೇನಾಧಿಕಾರಿ. ಹೆಣ್ಣುಮಕ್ಕಳಿಗೆ ಪರ್ಮನೆಂಟ್ ಕಮಿಷನ್ ಕೊಡಬೇಕೆಂದ 2020ರ ಫೆಬ್ರುವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಉದಾಹರಣೆಯಾಗಿ ಹೆಸರಿಸಿದವರಲ್ಲಿ ಸೋಫಿಯಾ ಕೂಡ ಒಬ್ಬರು. ತಾಯ್ತನ, ಮನೆವಾರ್ತೆಯ ಹೊಣೆಗಳನ್ನು ಮುಂದಿಟ್ಟ ಸರ್ಕಾರದ ವಾದವನ್ನು ಆ ತೀರ್ಪು ಒಪ್ಪಲಿಲ್ಲ.

ದಿನನಿತ್ಯದ ಲೆಕ್ಕ ಮಾತ್ರ ಕಠಿಣವೇ. ದಂಪತಿಯನ್ನು ಒಂದೇ ಸ್ಟೇಷನ್ನಿನಲ್ಲಿ ಇಡುವ ಪ್ರಯತ್ನ ನಡೆಯುತ್ತದೆ, ಆದರೆ ಅದು ಖಾಲಿ ಜಾಗ ಇದ್ದರೆ, ಸೇವೆಯ ಅಗತ್ಯಕ್ಕೆ ಒಗ್ಗಿದರೆ ಮಾತ್ರ. ಒಬ್ಬರು ಪೀಸ್ ಸ್ಟೇಷನ್‌ನಲ್ಲಿದ್ದಾಗ ಇನ್ನೊಬ್ಬರು ಫೀಲ್ಡ್‌ನಲ್ಲಿರುವ ವರ್ಷಗಳು ಬಂದೇ ಬರುತ್ತವೆ. ಒಂದೇ ಊರಿನಲ್ಲಿ ಸರ್ಕಾರಿ ಕ್ವಾರ್ಟರ್ಸ್ ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಮನೆ ಬಾಡಿಗೆ ಭತ್ಯೆ ಇಲ್ಲ. ಮಗುವಿಗೆ ಜ್ವರ ಬಂದ ರಾತ್ರಿ ಇಬ್ಬರಿಗೂ ಡ್ಯೂಟಿ ಇದ್ದರೆ ಅಜ್ಜಿಯೋ ದೊಡ್ಡಮ್ಮನೋ ಊರಿನಿಂದ ಬಂದು ನಿಂತಿರಬೇಕು. ಇಂಥ ದಂಪತಿಯ ಯಶಸ್ಸಿನ ಹಿಂದೆ ಹೀಗೆ ಊರು ಬಿಟ್ಟು ಬಂದು ಕೂತ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಅವರ ಹೆಸರು ಯಾವ ಪದಕದ ಪಟ್ಟಿಯಲ್ಲೂ ಬರುವುದಿಲ್ಲ.

2023ರ ನವೆಂಬರ್‌ನಲ್ಲಿ ರಕ್ಷಣಾ ಸಚಿವಾಲಯ ಈ ಭಾರವನ್ನು ತುಸು ಇಳಿಸಿತು. ಅಧಿಕಾರಿಗಳಿಗಷ್ಟೇ ಇದ್ದ ಹೆರಿಗೆ, ಶಿಶುಪಾಲನೆ, ದತ್ತು ರಜೆಗಳನ್ನು ಮೂರೂ ಪಡೆಗಳ ಮಹಿಳಾ ಸೈನಿಕರಿಗೂ ಅದೇ ಪ್ರಮಾಣದಲ್ಲಿ ವಿಸ್ತರಿಸಿತು. ಹೆರಿಗೆಗೆ ಪೂರ್ಣ ವೇತನದ 180 ದಿನ, ಎರಡು ಮಕ್ಕಳವರೆಗೆ. ಶಿಶುಪಾಲನೆಗೆ ಇಡೀ ಸೇವಾವಧಿಯಲ್ಲಿ 360 ದಿನ. ಮದುವೆಯಾಗಿ, ತಾಯಿಯಾಗಿ ಸೈನಿಕಳಾಗಿಯೇ ಉಳಿಯುವ ಹೆಣ್ಣನ್ನು ಸೇನೆ ಇಷ್ಟರಮಟ್ಟಿಗೆ ಒಪ್ಪಿಕೊಂಡಿದೆ. ಹಾಗಿರುವಾಗ, ಮದುವೆಯಾಗಿ ಸೈನಿಕಳಾಗಲು ಬರುವ ಹೆಣ್ಣನ್ನು ಒಪ್ಪುವುದು ದೂರದ ಮಾತಾಗಬೇಕಿಲ್ಲ. ವಯೋಮಿತಿ, ದೇಹದಾರ್ಢ್ಯ, ಸೇವಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಐದು ದಿನದ ಸಂದರ್ಶನ, ಯಾವುದನ್ನೂ ಸಡಿಲಿಸುವುದು ಬೇಡ. ಮದುವೆಯ ಆ ಒಂದು ಸಾಲನ್ನು ತೆಗೆದರೆ ಸಾಕು.

ಒಟಿಎಯಲ್ಲಿ ನಿರ್ಗಮನ ಪಥಸಂಚಲನ ಮುಗಿದ ಮೇಲೆ ಹೊಸ ಅಧಿಕಾರಿಯ ಹೆಗಲ ಮೇಲಿನ ನಕ್ಷತ್ರಗಳ ಹೊದಿಕೆ ತೆಗೆಯುವ ಪದ್ಧತಿ ಇದೆ. ಮನೆಯವರು ಮೈದಾನಕ್ಕಿಳಿಯುತ್ತಾರೆ, ಒಂದು ಹೆಗಲಿಗೆ ಅಪ್ಪ, ಇನ್ನೊಂದಕ್ಕೆ ಅಮ್ಮ ನಿಲ್ಲುತ್ತಾರೆ. ನಿಕಿತಾ ಕೌಲ್ ಅವರ ಹೆಗಲಿಗೆ ನಕ್ಷತ್ರ ತೊಡಿಸಿದವರು ಉತ್ತರ ಕಮಾಂಡಿನ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ವೈ.ಕೆ. ಜೋಶಿ. ಈಗಿನ ನಿಯಮ ಇರುವಷ್ಟು ದಿನ ಆ ಮೈದಾನದಲ್ಲಿ, ಹೆಂಡತಿಯ ಹೆಗಲಿಗೆ ಕೈ ಚಾಚಿ ನಿಲ್ಲುವ ಜಾಗ ಯಾವ ಸೈನಿಕ ಗಂಡನಿಗೂ ಇಲ್ಲ.