ಹಳೇ ಪ್ರಶ್ನೆಗೆ ಹೊಸ ಬೋರ್ಡು

ಪುಟ್ಟೇನಹಳ್ಳಿ ಕೆರೆ ಕಡೆಯಿಂದ ಹೊರಟು ಬನ್ನೇರುಘಟ್ಟ ರಸ್ತೆ ದಾಟಿದರೆ ಅರಕೆರೆ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ‘ಸಮಾಧಾನ’ ಆಪ್ತಸಲಹಾ ಕೇಂದ್ರ ನೆಲೆಗೊಂಡದ್ದು ಅಲ್ಲಿ. ಅದೇ ರಸ್ತೆಯಲ್ಲಿ ಊರೊಳಕ್ಕೆ ಸಾಗಿ ಬಲಕ್ಕೆ ತಿರುಗಿದರೆ ಬಿಟಿಎಂ ಲೇಔಟಿನ ಎನ್.ಎಸ್. ಪಾಳ್ಯ. ನಿಮ್ಹಾನ್ಸ್ ತನ್ನ ‘ಸೆಂಟರ್ ಫಾರ್ ವೆಲ್‌ಬೀಯಿಂಗ್’ ತೆರೆದದ್ದು ಆಸ್ಪತ್ರೆಯ ಆವರಣದಲ್ಲಲ್ಲ, ಈ ಬಡಾವಣೆಯಲ್ಲಿ. ಕಾಯಿಲೆ ಇಲ್ಲದವರಿಗೂ ಮನೋವಿಜ್ಞಾನ ಬೇಕು ಎಂಬುದು ನಮ್ಮಲ್ಲಿ ಈಗ ಒಪ್ಪಿತವಾದ ಮಾತು. ಅದನ್ನು ಮೊದಲು ಆಡಿದವರು ಯಾರು ಎಂಬ ತಕರಾರು ಮಾತ್ರ ಅಮೆರಿಕದಲ್ಲಿ ಇನ್ನೂ ತಣ್ಣಗಾಗಿಲ್ಲ.

ಫ್ರಾಯ್ಡ್ ರೋಗಿಗಳನ್ನು ನೋಡಿದ, ವರ್ತನಾವಾದಿಗಳು ಇಲಿಗಳನ್ನು ನೋಡಿದರು. ನೆಟ್ಟಗಿರುವ ಮನುಷ್ಯನನ್ನು ನೋಡುವವರು ಯಾರು ಎಂದು ಕೇಳಿದವರು ಅಮೆರಿಕದ ಮನೋವಿಜ್ಞಾನಿ ಅಬ್ರಹಾಂ ಮಾಸ್ಲೊ. 1954ರ ತಮ್ಮ ಪುಸ್ತಕದ ಒಂದು ಅಧ್ಯಾಯದ ಶೀರ್ಷಿಕೆಯಲ್ಲೇ ಅವರು ‘ಪಾಸಿಟಿವ್ ಸೈಕಾಲಜಿ’ ಎಂದು ಬರೆದಿದ್ದರು. ಮಾಸ್ಲೊ, ಕಾರ್ಲ್ ರೋಜರ್ಸ್ ಮುಂತಾದವರ ಈ ಹಾದಿಗೆ ಮಾನವತಾವಾದಿ ಮನೋವಿಜ್ಞಾನ ಎಂಬ ಹೆಸರು ನಿಂತಿತು.

1998ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾದ ಮಾರ್ಟಿನ್ ಸೆಲಿಗ್‌ಮನ್ ಅದೇ ‘ಪಾಸಿಟಿವ್ ಸೈಕಾಲಜಿ’ಯನ್ನು ಹೊಸ ಶಾಖೆಯೆಂದು ಸಾರಿದರು. 2000ದಲ್ಲಿ ಅವರೂ ಮನೋವಿಜ್ಞಾನಿ ಚಿಕ್‌ಸೆಂಟ್‌ಮಿಹಾಯಿ ಅವರೂ ‘ಅಮೆರಿಕನ್ ಸೈಕಾಲಜಿಸ್ಟ್’ ಪತ್ರಿಕೆಯಲ್ಲಿ, ಹಿಂದಿನವರ ಕನಸು ದೊಡ್ಡದೇ, ಆದರೆ ಪ್ರಯೋಗದ ಆಧಾರ ಸಾಲದು ಎಂಬರ್ಥದಲ್ಲಿ ಬರೆದರು.

ರೋಜರ್ಸ್ ಮಟ್ಟಿಗಂತೂ ಇದು ಅನ್ಯಾಯದ ಮಾತು. ಎದುರು ಕೂತವರನ್ನು ಅಳೆಯದೆ, ಉಪದೇಶಕ್ಕೆ ಆತುರಪಡದೆ ಕೇಳಿಸಿಕೊಳ್ಳಬೇಕು ಎಂದು ಆಪ್ತಸಲಹೆಗೆ ಕಲಿಸಿದವರು ಅವರು. ಕಲಿಸಿ ಸುಮ್ಮನಾಗಲಿಲ್ಲ. 1940ರ ಸುಮಾರಿಗೆ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಲಹೆಯ ಮಾತುಕತೆಯನ್ನೆಲ್ಲ ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿದರು. ಕೆಲವೇ ನಿಮಿಷಕ್ಕೊಮ್ಮೆ ತಟ್ಟೆ ಬದಲಿಸಬೇಕಿದ್ದ ಕಾಲ ಅದು. ಒಬ್ಬ ವ್ಯಕ್ತಿಯ ಎಂಟು ಭೇಟಿಗಳ ಪೂರ್ತಿ ಮಾತನ್ನು 1942ರ ಪುಸ್ತಕದಲ್ಲಿ ಅಚ್ಚು ಹಾಕಿಸಿ, ತಪ್ಪು ಹುಡುಕುವವರ ಮುಂದಿಟ್ಟರು. ಮುಚ್ಚಿದ ಬಾಗಿಲ ಹಿಂದಿನ ಚಿಕಿತ್ಸೆ ಪರೀಕ್ಷೆಗೆ ಒಡ್ಡಿಕೊಂಡದ್ದು ಹೀಗೆ. 1956ರಲ್ಲಿ ವೈಜ್ಞಾನಿಕ ಕೊಡುಗೆಗಾಗಿ ಅವರನ್ನು ಗೌರವಿಸಿದ್ದೂ ಅದೇ ಮನೋವಿಜ್ಞಾನ ಸಂಘ!

ಹೊಸಬರ ಕೆಲಸ ಹುಸಿಯಲ್ಲ. ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆದಿಡುವಂಥ ಸರಳ ಅಭ್ಯಾಸವನ್ನೂ ಸೆಲಿಗ್‌ಮನ್ ತಂಡ ಹೋಲಿಕೆಯ ಗುಂಪು ಇಟ್ಟುಕೊಂಡೇ ಪರೀಕ್ಷಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿತು. ಆದರೆ ಅದೇ ವರ್ಷ ಇದೇ ಹಾದಿಯ ಫ್ರೆಡ್ರಿಕ್ಸನ್ ಮತ್ತು ಲೊಸಾಡಾ, ಒಳ್ಳೆಯ ಭಾವನೆಗಳು ಕೆಟ್ಟವುಗಳ 2.9 ಪಟ್ಟು ದಾಟಿದರೆ ಬದುಕು ಅರಳುತ್ತದೆ ಎಂದು ಗಣಿತ ಹಾಕಿ ತೋರಿಸಿದರು. 2013ರಲ್ಲಿ ಬ್ರೌನ್, ಸೋಕಲ್, ಫ್ರೀಡ್‌ಮನ್ ಆ ಗಣಿತಕ್ಕೆ ಬುಡವೇ ಇಲ್ಲವೆಂದು ಬಯಲು ಮಾಡಿದರು, ಅದೂ ‘ಅಮೆರಿಕನ್ ಸೈಕಾಲಜಿಸ್ಟ್’ನಲ್ಲೇ. ಮೂವರಲ್ಲಿ ಹ್ಯಾರಿಸ್ ಫ್ರೀಡ್‌ಮನ್ ಮಾನವತಾವಾದಿ ಪಂಗಡದವರು. ಆಧಾರ ಕೇಳುವ ಸರದಿ ಹಳಬರದಾಗಿತ್ತು.

ನಿಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ಗೆ ಸಂತೋಷ ಕಲಿಸುವ ಕಾರ್ಯಾಗಾರ ಬಂದರೆ ನೀವೂ ಆಧಾರ ಕೇಳಿ, ಆಮೇಲೆ ದುಡ್ಡು ಕಟ್ಟಿ. ಕೇಳಿಸಿಕೊಳ್ಳುವವರು ಬೇಕಿದ್ದರೆ ಸರ್ಕಾರದ ‘ಟೆಲಿ ಮಾನಸ್’ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.